ಗೊಣಗುವ ಸ್ಪೀಕರಿನ ಪರವಾಗಿ

ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿದ ಸ್ಪೀಕರ್ ಕೆಡುವುದರಲ್ಲಿ ಎರಡು ಬಗೆ. ಒಂದು, ಬಾಯಿ ಕಟ್ಟಿದಂತೆ ಪೂರ್ತಿ ಸುಮ್ಮನಾಗುತ್ತದೆ. ಇನ್ನೊಂದು, ಹಾಡಿನ ಜೊತೆಗೆ ಗುಂಯ್ ಎನ್ನುತ್ತದೆ, ಕರಕರ ಎನ್ನುತ್ತದೆ, ಇಲ್ಲವೇ ಗಾಯಕನನ್ನು ಬಿಟ್ಟು ವಾದ್ಯಗಳನ್ನಷ್ಟೇ ಕೇಳಿಸುತ್ತದೆ. ಮನೆಯವರಿಗೆ ಎರಡನೆಯದೇ ಹೆಚ್ಚಿನ ಕಿರಿಕಿರಿ. ಆದರೆ ರಿಪೇರಿಗೆ ಕೂರುವವನಿಗೆ ಗೊಣಗುವ ಸ್ಪೀಕರೇ ವಾಸಿ, ಏಕೆಂದರೆ ಅದು ತನಗೆ ಎಲ್ಲಿ ನೋಯುತ್ತಿದೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತದೆ. ಮೌನ ಬಂಗಾರ ಎಂದ ಹಿರಿಯರು ಸ್ಪೀಕರ್ ರಿಪೇರಿ ಮಾಡಿದವರಿರಲಾರರು.

ಮೌನಕ್ಕೆ ಕಾರಣ ಬಹುಮಟ್ಟಿಗೆ ಸ್ಪೀಕರಿನೊಳಗೆ ಇರುವುದೇ ಇಲ್ಲ. ವಿಡಿಯೊದ ಕೆಳಗೊಂದು ವಾಲ್ಯೂಮ್, ಬ್ರೌಸರಿನ ಟ್ಯಾಬಿಗೊಂದು ಮ್ಯೂಟ್, ವಿಂಡೋಸ್‌ನ ಮಿಕ್ಸರಿನಲ್ಲಿ ಪ್ರತಿ ತಂತ್ರಾಂಶಕ್ಕೆ ಬೇರೆ ಬೇರೆ ಗೀಟು, ಕೀಲಿಮಣೆಯ ಮೇಲೆ ಕೈ ತಗುಲಿದರೂ ಸಾಕೆನ್ನುವ ಗುಂಡಿ, ಕೊನೆಗೆ ಸ್ಪೀಕರಿನದೇ ತಿರುಗುಬಟನ್ನು: ಇಷ್ಟು ಬಾಗಿಲುಗಳಲ್ಲಿ ಒಂದು ಮುಚ್ಚಿದ್ದರೂ ಸದ್ದು ಹೊರಗೆ ಬಾರದು. ಇವೆಲ್ಲ ತೆರೆದಿದ್ದರೂ ಸದ್ದು ಬೇರೆ ದಾರಿ ಹಿಡಿದಿರಬಹುದು. ಎಚ್‌ಡಿಎಂಐ ತಂತಿಯಲ್ಲಿ ಹೊಸ ಮಾನಿಟರ್ ಜೋಡಿಸಿದ ಕೂಡಲೇ ಕಂಪ್ಯೂಟರು ಅದನ್ನೇ ಧ್ವನಿಯ ಸಾಧನವೆಂದು ಆರಿಸಿಕೊಳ್ಳುವುದುಂಟು. ಆ ಮಾನಿಟರಿನಲ್ಲಿ ಸ್ಪೀಕರೇ ಇಲ್ಲದೆ, ಹಿಂಬದಿಯಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತು ಮಾತ್ರ ಇದ್ದರೂ ಅದಕ್ಕೆ ಸಂಕೋಚವಿಲ್ಲ. ಹಾಡು ಸಾಂಗವಾಗಿ ನಡೆಯುತ್ತಿರುತ್ತದೆ, ಪರದೆಯ ಮೇಲೆ ಹಸಿರು ಪಟ್ಟಿ ಕುಣಿಯುತ್ತಿರುತ್ತದೆ, ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯ ಚೀಲದೊಳಗೆ ಚಾಲೂ ಆಗಿಯೇ ಉಳಿದಿದ್ದರೂ ಇದೇ ಕಥೆ, ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಹಳೆಯ ಡೆಸ್ಕ್‌ಟಾಪ್ ಆದರೆ ಮೇಜಿನ ಕೆಳಗೆ ಟಾರ್ಚು ಹಿಡಿದು ನುಸುಳಬೇಕು. ಹಿಂಬದಿಯಲ್ಲಿ ಸಾಲಾಗಿರುವ ತೂತುಗಳಲ್ಲಿ ತಿಳಿಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನಿಂದ ಧ್ವನಿ ಒಳಗೆ ತರುವುದಕ್ಕೆ. ಈ ಬಣ್ಣಗಳನ್ನು ರೂಢಿಗೆ ತಂದದ್ದು ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಹೊರತಂದ ಪಿಸಿ 99 ಎಂಬ ಮಾರ್ಗಸೂಚಿ. ಧೂಳು ಮೂರನ್ನೂ ಒಂದೇ ಬಣ್ಣ ಮಾಡಿಬಿಡುತ್ತದೆ ಎಂಬುದನ್ನು ಅದು ಲೆಕ್ಕಕ್ಕೆ ಹಿಡಿದಂತಿಲ್ಲ.

ಮೌನಿಯಾದ ಸ್ಪೀಕರನ್ನು ಮಾತಾಡಿಸಲು ನನಗೆ ತಿಳಿದ ಅತ್ಯುತ್ತಮ ಉಪಾಯಕ್ಕೆ ಯಾವ ಉಪಕರಣವೂ ಬೇಡ. ಅಡಾಪ್ಟರಿನಿಂದ ನಡೆಯುವ ಸ್ಪೀಕರನ್ನು ಚಾಲೂ ಇಟ್ಟು, ವಾಲ್ಯೂಮನ್ನು ತುಸು ತಗ್ಗಿಸಿ, ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ಅದರ ತುದಿಯನ್ನು ಬೆರಳಿನಿಂದ ಮುಟ್ಟಬೇಕು. ಬುರ್ ಎಂದು ಸದ್ದು ಬಂದರೆ ಸ್ಪೀಕರು, ಅದರ ಆಂಪ್ಲಿಫೈಯರು, ತಂತಿ ಎಲ್ಲವೂ ಬದುಕಿವೆ ಎಂದರ್ಥ, ಹಾಗಾಗಿ ತಪ್ಪು ಕಂಪ್ಯೂಟರಿನ ಕಡೆಯದು. ಕೇಳಿಸುವ ಆ ಬುರ್ ನಮ್ಮ ಗೋಡೆಗಳೊಳಗೆ ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವ ಕರೆಂಟಿನದು, ಅದನ್ನು ಗಾಳಿಯಿಂದ ಹಿಡಿದುಕೊಡುವ ಆಂಟೆನಾ ನಮ್ಮದೇ ಮೈ. ಅರ್ಧ ಹುಡುಕಾಟ ಬೆರಳ ತುದಿಯಲ್ಲೇ ಮುಗಿಯುತ್ತದೆ.

ಗೊಣಗಾಟಗಳಲ್ಲಿ ನನಗೆ ಅಚ್ಚುಮೆಚ್ಚಿನದು ಗಾಯಕ ಕಾಣೆಯಾಗುವ ದೋಷ. 3.5 ಮಿ.ಮೀ. ಪಿನ್ನಿನ ಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ಅವು ಲೋಹವನ್ನು ಮೂರು ಪಾಲು ಮಾಡುತ್ತವೆ: ತುದಿ ಎಡಗಡೆಯ ಧ್ವನಿಗೆ, ನಡುವಿನ ಉಂಗುರ ಬಲಗಡೆಯದಕ್ಕೆ, ಬುಡದ ಭಾಗ ಇಬ್ಬರಿಗೂ ಸೇರಿದ ಮರುದಾರಿ. ಬುಡದ ಸಂಪರ್ಕ ಸಡಿಲವಾದರೆ ಎಡ ಬಲಗಳು ಒಂದನ್ನೊಂದು ಕಳೆಯತೊಡಗುತ್ತವೆ, ಎರಡರಲ್ಲೂ ಸಮನಾಗಿರುವುದು ಅಳಿಸಿಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಧ್ವನಿಮುದ್ರಣದಲ್ಲಿ ಗಾಯಕರನ್ನು ಸಾಮಾನ್ಯವಾಗಿ ನಟ್ಟನಡುವೆ, ಅಂದರೆ ಎರಡೂ ಕಡೆ ಸಮವಾಗಿ ಕೂರಿಸುವುದರಿಂದ ಅವರೇ ಮೊದಲ ಬಲಿ. ಪಿಟೀಲು, ಕೊಳಲು ಬದಿಗಳಲ್ಲಿ ಉಳಿದುಕೊಳ್ಳುತ್ತವೆ, ಹಾಡು ಎಲ್ಲೋ ಬಾವಿಯೊಳಗಿಂದ ಬಂದಂತಿರುತ್ತದೆ. ಸ್ಟೀರಿಯೊಗಿಂತ ಹಿಂದಿನ ಕಾಲದಲ್ಲಿ ಧ್ವನಿಮುದ್ರಣವಾದ ದಾಸರ ಪದವೊಂದನ್ನು ಹಾಕಿದರೆ, ಅಲ್ಲಿ ಎಡಬಲಗಳ ಭೇದವೇ ಇಲ್ಲದ ಕಾರಣ, ಹೆಚ್ಚುಕಡಿಮೆ ಏನೂ ಕೇಳಿಸದು. ಪಿನ್ನನ್ನು ಕಟ್ ಎನ್ನುವವರೆಗೆ ಒತ್ತಿದರೆ ಎಷ್ಟೋ ಸಲ ದಾಸರು ಮರಳಿ ಬರುತ್ತಾರೆ. ಬಾರದಿದ್ದರೆ ಪಿನ್ನಿನ ಕತ್ತಿನ ಬಳಿ ತಂತಿ ಮುರಿದಿರಬಹುದು, ಹಾಗಿದ್ದರೆ ಹೊಸ ಪಿನ್ನನ್ನು ಬೆಸುಗೆ ಹಾಕಬೇಕು.

ಎಡೆಬಿಡದ ಗುಂಯ್ ಸದ್ದಿಗೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಬೇಕು. ಸದ್ದು ತಟ್ಟನೆ ನಿಂತರೆ ಕರೆಂಟಿನ ಅರ್ತಿಂಗೂ ಧ್ವನಿಯ ತಂತಿಯೂ ಸೇರಿ ಒಂದು ಸುತ್ತು ಹಾಕಿಕೊಂಡಿವೆ ಎಂದು ತಿಳಿಯಬಹುದು. ಚಾರ್ಜರನ್ನೂ ಸ್ಪೀಕರನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಸಿಕ್ಕಿಸುವುದು ಸುಲಭದ ಮದ್ದು, ಅದಕ್ಕೂ ಜಗ್ಗದಿದ್ದರೆ ಧ್ವನಿಯ ತಂತಿಯ ನಡುವೆ, ಎರಡು ಬದಿಗಳ ನೇರ ಸಂಪರ್ಕ ಕಡಿದು ಸದ್ದನ್ನಷ್ಟೇ ದಾಟಿಸುವ ಐಸೊಲೇಟರ್ ಹಾಕಬೇಕು. ಕೆಲವರು ಅರ್ತಿಂಗಿನ ದಪ್ಪ ಪಿನ್ನನ್ನೇ ಮುರಿದು ಸದ್ದಡಗಿಸುತ್ತಾರೆ, ಅದು ಪ್ರಾಣಕ್ಕೆ ಸಂಚಕಾರ.

ಕೂಗಿಸಿದಾಗ ಒಡೆದು ಕೇಳಿಸುವುದು ಎಷ್ಟೋ ಸಲ ದೋಷವೇ ಅಲ್ಲ. ಪೆಟ್ಟಿಗೆಯ ಮೇಲೆ ಸಾವಿರ ವಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂಬ ಜಾಹೀರಾತಿನ ಲೆಕ್ಕ) ಎಂದು ಬರೆದಿದ್ದರೂ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಗೋಡೆಯಿಂದ ಅದಕ್ಕೆ ಸಿಗುವುದು 12 ವಾಟ್. ಉಳಿದದ್ದು ಪೆಟ್ಟಿಗೆ ಬರೆದವರ ಉತ್ಸಾಹ.

ಇನ್ನು ಬಟನ್ನು ತಿರುಗಿಸುವಾಗ ಮಾತ್ರ ಕೇಳುವ ಕರಕರ. ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತಿರುತ್ತದೆ. ಸ್ಪೀಕರ್ ಆರಿಸಿ ಬಟನ್ನನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಬಾರಿ ತಿರುಗಿಸಿದರೆ ಅದು ಕೆಲಕಾಲ ಸುಮ್ಮನಾಗುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಇನ್ನಷ್ಟು ಕಾಲ. ಪಟ್ಟಿಯೇ ಸವೆದಿದ್ದರೆ ಬಟನ್ನಿನಡಿಯ ಆ ಬಿಡಿಭಾಗವನ್ನೇ ಹೊಸದಾಗಿ ಹಾಕಬೇಕು. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದರಾಯಿತು, ಆದರೆ ಹಳೆಯದನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಅಂಗಡಿಯವರು ತಲೆಯೆತ್ತದೆ ಕೇಳುವ ಮೊದಲ ಪ್ರಶ್ನೆ “ಎಷ್ಟು ಕೆ ಸಾರ್, ಸಿಂಗಲ್ಲಾ ಡಬಲ್ಲಾ?” ಎಂಬುದು, ಅಂದರೆ ಎಷ್ಟು ಕಿಲೋ ಓಮ್, ಒಳಗೆ ಪಟ್ಟಿ ಒಂದೋ ಎರಡೋ ಎಂದು. ಅದರ ಉತ್ತರ ಇರುವುದು ಆ ಹಳೆಯದರ ಮೈಮೇಲೆಯೇ.