ಕಂಕಣಬದ್ಧ ವಾದ್ಯವೃಂದ

ನಮ್ಮ ಮದುವೆಗಳಲ್ಲಿ ಕಂಕಣ ಕಟ್ಟುವುದು ವಧೂವರರ ಕೈಗೆ. ವಾಲಗದವರ ಕೈ ಸೇರುವುದು ಎಲೆ ಅಡಿಕೆಯ ಜೊತೆಗಿಟ್ಟ ಸಂಭಾವನೆ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಈ ಹಳೆಯ ಪದ್ಧತಿಯನ್ನು ತಿದ್ದಿದ್ದಾರೆ. ಪ್ರತಿ ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆಯುವ ಸೌತ್ ಬೈ ಸೌತ್‌ವೆಸ್ಟ್ ಉತ್ಸವದಲ್ಲಿ ಕಂಕಣವನ್ನು ವಾಲಗದವರಿಗೇ ಕಟ್ಟುತ್ತಾರೆ, ಸಂಭಾವನೆಯ ಮಾತೆತ್ತಿದವರಿಗೆ ಆ ಕಂಕಣವನ್ನೇ ತೋರಿಸುತ್ತಾರೆ. ಅವರು ಅದನ್ನು ರಿಸ್ಟ್‌ಬ್ಯಾಂಡ್ ಎನ್ನುತ್ತಾರೆ. ಬ್ಯಾಂಡಿಗೆ ಬ್ಯಾಂಡೇ ಕೂಲಿ ಎಂಬ ಈ ವ್ಯವಸ್ಥೆಯ ಪ್ರಾಸವನ್ನಾದರೂ ಮೆಚ್ಚಲೇಬೇಕು.

1987ರಲ್ಲಿ ಉತ್ಸವ ಮೊದಲಾದಾಗ 150 ಜನ ಬಂದಾರೆಂದು ಎಣಿಸಿದ್ದಲ್ಲಿಗೆ 700 ಜನ ಬಂದಿದ್ದರು. ಆಸ್ಟಿನ್ನಿನ ಹಾಡುಗಾರರನ್ನು ಹೊರಜಗತ್ತು ಗಮನಿಸುತ್ತಿಲ್ಲವಾದ್ದರಿಂದ ಹೊರಜಗತ್ತನ್ನೇ ಊರಿಗೆ ಕರೆಸೋಣ ಎಂಬುದು ಸ್ಥಾಪಕರ ಆಶಯವಾಗಿತ್ತು. ಹೊರಜಗತ್ತು ಬಂದಿತು, ಎಷ್ಟರ ಮಟ್ಟಿಗೆ ಬಂದಿತೆಂದರೆ, ವರ್ಷವಿಡೀ ಯಾರ ಅಪ್ಪಣೆಯೂ ಇಲ್ಲದೆ ತನ್ನ ಬೀದಿಯ ಬಾರಿನಲ್ಲಿ ನುಡಿಸುವ ಊರಿನ ಬ್ಯಾಂಡು, ಮಾರ್ಚ್ ತಿಂಗಳಲ್ಲಿ ಅದೇ ಬಾರಿನ ಅದೇ ಮೂಲೆಯಲ್ಲಿ ನಿಲ್ಲಲು ಅರ್ಜಿ ಹಾಕಿಕೊಳ್ಳುವಂತಾಯಿತು. 2023ರಲ್ಲಿ ಅರ್ಜಿ ಶುಲ್ಕ 55 ಡಾಲರ್ ಇತ್ತು. ಅಂದ ಹಾಗೆ, 1991ರಲ್ಲಿ ನಗರಸಭೆಯು ತನ್ನ ಊರಿಗೆ ‘ವಿಶ್ವದ ಲೈವ್ ಸಂಗೀತದ ರಾಜಧಾನಿ’ ಎಂಬ ಬಿರುದನ್ನು ತಾನೇ ದಯಪಾಲಿಸಿಕೊಂಡಿತ್ತು. ರಾಜಧಾನಿ ಎಂದ ಮೇಲೆ ಸುಂಕದ ಕಟ್ಟೆ ಇರಲೇಬೇಕಲ್ಲವೇ?

ಅರ್ಜಿ ಸ್ವೀಕೃತವಾದವರಿಗೆ ಆ ವರ್ಷ ಎರಡು ದಾರಿಗಳಿದ್ದವು: ಇಡೀ ತಂಡಕ್ಕೆ ಸೇರಿ 250 ಡಾಲರ್, ಇಲ್ಲವೇ ಕಂಕಣ. ಹಣವನ್ನು ಆರಿಸಿಕೊಂಡ ನಾಲ್ವರ ತಂಡವೊಂದು ಶುಲ್ಕವನ್ನು ಕಳೆದು ಹಂಚಿಕೊಂಡರೆ ತಲೆಗೆ 48 ಡಾಲರ್ 75 ಸೆಂಟ್ ದಕ್ಕುತ್ತದೆ. ಹಾಡಿನ ಅಭ್ಯಾಸ, ಗಿಟಾರಿನ ತಂತಿ, ವ್ಯಾನಿನ ಪೆಟ್ರೋಲು ಇವನ್ನೆಲ್ಲ ಲೆಕ್ಕಕ್ಕೆ ತರುವುದು ಕಲೆಗೆ ಮಾಡುವ ಅವಮಾನವಾದೀತು. ಹೊರದೇಶಗಳಿಂದ ಬರುವ ತಂಡಗಳಿಗಂತೂ ಈ ಗೊಂದಲವೇ ಇರಲಿಲ್ಲ, ಅವರಿಗೆ ಕಂಕಣಭಾಗ್ಯ ಮಾತ್ರ. ಆ ಕಂಕಣದ ಮಹಿಮೆಯೇನೆಂದರೆ, ಬೇರೆ ಬ್ಯಾಂಡುಗಳು ನುಡಿಸುವಲ್ಲಿಗೆ ಅದನ್ನು ತೋರಿಸಿ ಹೋಗಬಹುದು. ದುಬಾರಿ ಬ್ಯಾಡ್ಜ್ ಕೊಂಡವರು ಒಳಹೊಕ್ಕ ಮೇಲೆ ಜಾಗ ಉಳಿದಿದ್ದರೆ ಒಳಗೂ ಹೋಗಬಹುದು. ಹೀಗೆ ಕೂಲಿಯಿಲ್ಲದೆ ನುಡಿಸಿದವನು, ಕೂಲಿಯಿಲ್ಲದೆ ನುಡಿಸುತ್ತಿರುವ ಇನ್ನೊಬ್ಬನನ್ನು ಕಾಸು ಕೊಡದೆ ಕೇಳಿ ಬರುವುದರಿಂದ ಸಂಗೀತಲೋಕದ ಜಮಾಖರ್ಚು ಸರಿಹೋಗುತ್ತದೆ.

ಸಂಗೀತ ಕಚೇರಿಯ ವೈಭವವನ್ನೂ ಹೇಳಬೇಕು. ಸಿಕ್ಸ್ತ್ ಸ್ಟ್ರೀಟ್‌ನ ಉದ್ದಕ್ಕೂ ಒತ್ತಾಗಿ ನಿಂತಿರುವ ಬಾರುಗಳಲ್ಲಿ ಒಂದೊಂದು ತಂಡಕ್ಕೆ ಸುಮಾರು 40 ನಿಮಿಷ. ಆ ಗಂಟೆಯ ಉಳಿದ 20 ನಿಮಿಷಗಳಲ್ಲಿ ಒಂದು ತಂಡ ಡ್ರಮ್ ಕಳಚಬೇಕು, ಮತ್ತೊಂದು ಜೋಡಿಸಬೇಕು, ಮೈಕುಗಳು ಉಸಿರಾಡುತ್ತಿವೆಯೇ ಎಂದು ನೋಡಿಕೊಳ್ಳಬೇಕು. ಉತ್ಸವದ ದಿನಗಳಲ್ಲಿ ಬೀದಿಗೆ ವಾಹನಗಳು ಬರುವಂತಿಲ್ಲವಾದ್ದರಿಂದ, ಎಲ್ಲೋ ದೂರದಲ್ಲಿ ವ್ಯಾನು ನಿಲ್ಲಿಸಿ, ಆಂಪ್ಲಿಫೈಯರನ್ನು ಅಪ್ಪಿಕೊಂಡು, ಜಾತ್ರೆಯ ನಡುವೆ ದಾರಿ ಬಿಡಿಸಿಕೊಂಡು ಬರುವ ಕಲಾವಿದರನ್ನು ಕಂಡರೆ ಉತ್ಸವಮೂರ್ತಿಯನ್ನು ಹೊತ್ತವರ ನೆನಪಾಗುತ್ತದೆ. ವ್ಯತ್ಯಾಸವಿಷ್ಟೇ: ನಮ್ಮಲ್ಲಿ ಹೊತ್ತವರಿಗೆ ಪ್ರಸಾದವಾದರೂ ಸಿಗುತ್ತದೆ.

ಹಾಗೆಂದು ಅಲ್ಲಿ ಹಣವೇ ಇಲ್ಲವೆಂದು ಯಾರೂ ಮರುಗಬೇಕಾಗಿಲ್ಲ. 2012ರಲ್ಲಿ ಡೊರಿಟೋಸ್ ಕಂಪನಿಯು ಚಿಪ್ಸ್ ಮಾರುವ ಯಂತ್ರದ ಆಕಾರದಲ್ಲಿ ಹಲವು ಅಂತಸ್ತಿನೆತ್ತರದ ವೇದಿಕೆಯನ್ನೇ ಎಬ್ಬಿಸಿತ್ತು. 2014ರಲ್ಲಿ ಅದೇ ಕಂಪನಿಯ ಪ್ರಾಯೋಜನೆಯಲ್ಲಿ ಹಾಡಿದ ಲೇಡಿ ಗಾಗಾ, ಪ್ರಾಯೋಜಕರಿಲ್ಲದಿದ್ದರೆ ಇಂಥ ಉತ್ಸವಗಳೇ ಉಳಿಯುವುದಿಲ್ಲವೆಂದು ಅರ್ಥ ಬರುವಂತೆ ತಿಳಿವಳಿಕೆ ಹೇಳಿದ್ದರು. ವಾದಕರಿಲ್ಲದಿದ್ದರೆ ಉಳಿಯುತ್ತವೆಯೇ ಎಂದು ಕೇಳುವ ಅಧಿಕಪ್ರಸಂಗವನ್ನು ಯಾರೂ ಮಾಡಿದಂತಿಲ್ಲ. 2017ರಲ್ಲಿ ಮಾತ್ರ ಕರಾರುಪತ್ರವನ್ನು ಪೂರ್ತಿ ಓದುವ ದುರಭ್ಯಾಸವಿದ್ದ ಒಬ್ಬ ಕಲಾವಿದರಿಂದಾಗಿ, ವಿದೇಶಿ ವಾದಕರು ಉತ್ಸವದ ಹೊರಗೆ ಅನಧಿಕೃತವಾಗಿ ನುಡಿಸಿದರೆ ವಲಸೆ ಅಧಿಕಾರಿಗಳಿಗೆ ದೂರು ಹೋದೀತು ಎಂಬ ಷರತ್ತು ಬಯಲಾಯಿತು. ಊಟಕ್ಕೆ ಎಲೆ ಹಾಕದಿದ್ದರೂ ಪಕ್ಕದ ಮನೆಯಲ್ಲಿ ಉಂಡರೆ ಪೊಲೀಸರಿಗೆ ಒಪ್ಪಿಸುವ ಬೀಗರು! ಗದ್ದಲವಾದ ಮೇಲೆ ಆ ಸಾಲನ್ನು ಕೈಬಿಟ್ಟರು. 2024ರಲ್ಲಿ ಅಮೆರಿಕದ ಸೇನೆಯೇ ಪ್ರಾಯೋಜಕನಾದಾಗ 80ಕ್ಕೂ ಹೆಚ್ಚು ತಂಡಗಳು ಹಿಂದೆ ಸರಿದವು, ರಾಜ್ಯಪಾಲ ಗ್ರೆಗ್ ಅಬಾಟ್ ಅವರು ಹೋದವರು ಮತ್ತೆ ಬರುವುದು ಬೇಡವೆಂದು ಬೀಳ್ಕೊಟ್ಟರು. ನೂರು ಡಾಲರಿಗೆ ಗೊಣಗುವ ಗಿಟಾರು ವಾದಕರು ಸಾವಿರಾರು ಕೋಟಿಯ ಸೇನೆಯನ್ನು ಬೇಡವೆಂದದ್ದು ಇವರಿಗೆ ವ್ಯವಹಾರಜ್ಞಾನವಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ರಾಜ್ಯಪಾಲರಿಗೆ ಕಂಡಿರಬಹುದು.

ಈ ನಡುವೆ ‘ಯೂನಿಯನ್ ಆಫ್ ಮ್ಯುಸಿಷಿಯನ್ಸ್ ಅಂಡ್ ಅಲೈಡ್ ವರ್ಕರ್ಸ್’ ಎಂಬ ಸಂಘವು 750 ಡಾಲರ್ ಸಂಭಾವನೆ ಕೊಡಿ, ಜೊತೆಗೆ ಕಂಕಣವನ್ನೂ ಕೊಡಿ, ಅರ್ಜಿ ಶುಲ್ಕವನ್ನು ತೆಗೆದುಹಾಕಿ ಎಂದು ಪಟ್ಟುಹಿಡಿಯಿತು. ಉತ್ಸವದವರ ಮನ ಕರಗಿ, 250 ಇದ್ದದ್ದು 350 ಆಯಿತು. ನಾಲ್ವರ ತಂಡದಲ್ಲಿ ತಲೆಗೆ 25 ಡಾಲರ್ ಏರಿಕೆ.

ಟೆಕ್ಸಸ್ ಕಾನೂನಿನಂತೆ ರಾತ್ರಿ 2ಕ್ಕೆ ಬಾರುಗಳಲ್ಲಿ ಮದ್ಯ ನಿಲ್ಲುತ್ತದೆ. ಬಾರಿನ ಹುಡುಗ ಟಿಪ್ಸ್ ಎಣಿಸಿಕೊಳ್ಳುತ್ತಾನೆ, ಬ್ಯಾಂಡಿನವರು ಡ್ರಮ್ ಹೊತ್ತು ವ್ಯಾನು ಹುಡುಕುತ್ತಾರೆ. ಈ ಕಂಕಣದ ವಿಸರ್ಜನೆಗೆ ಪುರೋಹಿತರು ಬೇಕಿಲ್ಲ, ಕತ್ತರಿ ಸಾಕು. ಆದರೆ ಡ್ರಮ್ ನುಡಿಸಿದವನಿಗೆ ಅದನ್ನು ಕತ್ತರಿಸಲು ಮನಸ್ಸಾಗದೆ, ಸೋಮವಾರ ಬೆಳಿಗ್ಗೆ ಹಾಗೆಯೇ ಕಾಫಿ ಅಂಗಡಿಯ ತನ್ನ ಕೆಲಸಕ್ಕೆ ಬರುತ್ತಾನೆ. ಲೋಟ ನೀಡುವ ಅವನ ಕೈಯನ್ನು ನೋಡಿ ಗಿರಾಕಿಯೊಬ್ಬರು ಅಕ್ಕರೆಯಿಂದ ವಿಚಾರಿಸುತ್ತಾರೆ: “ಓ, ನೀವೂ ಉತ್ಸವ ನೋಡಲು ಹೋಗಿದ್ದಿರಾ?”