ಸೇತುವೆಯಿಂದ ಬಿದ್ದವನ ದನಿ

ಲಿಫ್ಟಿನಲ್ಲಿ ಸಿಕ್ಕ ಸಹೋದ್ಯೋಗಿ ಕೇಳಿದ: "ಆ ಸಿನಿಮಾದ ಎರಡನೇ ಭಾಗ ಓಟಿಟಿಗೆ ಬಂದಿದೆಯಂತಲ್ಲ, ಮನೇಲಿ ಕೂತು ನೋಡಬಹುದಾ?" ನಾನಿನ್ನೂ ನೋಡಿರಲಿಲ್ಲ. ಆದರೂ ಲಿಫ್ಟು ಕೆಳಗಿಳಿಯುವಷ್ಟರಲ್ಲಿ "ಮೊದಲನೇದರಷ್ಟಿಲ್ಲ ಬಿಡಿ" ಅಂದುಬಿಟ್ಟೆ. ಎರಡನೇ ಭಾಗದ ಬಗ್ಗೆ ಈ ಮಾತನ್ನು ನೋಡದೆಯೂ ಹೇಳಬಹುದು, ಯಾರೂ ತಕರಾರು ತೆಗೆಯುವುದಿಲ್ಲ. ಅವನೂ ತೆಗೆಯಲಿಲ್ಲ, "ಅದೇ ಅಂದುಕೊಂಡೆ" ಅಂದ. ಅವನು ಅಷ್ಟು ಸುಲಭವಾಗಿ ನಂಬಿದ್ದೇ ನನಗೆ ಚುಚ್ಚಿತು. ಆ ಶನಿವಾರ ರಾತ್ರಿ ನೋಡಲು ಕೂತೆ.

ಮೊದಲ ಭಾಗವನ್ನು ಚಿತ್ರಮಂದಿರದಲ್ಲೇ ನೋಡಿದ್ದೆ. ನೆನಪಿನಲ್ಲಿ ಉಳಿದಿದ್ದು ಮೂರು: ಸೇತುವೆ ಕುಸಿದದ್ದು, ಖಳನಾಯಕ ಅದರ ಜೊತೆಗೇ ಕೆಳಗೆ ಹೋದದ್ದು, ಮತ್ತು ಪಕ್ಕದ ಸೀಟಿನವನ ಮೊಣಕೈ. 1986ರ 'ಟಾಪ್ ಗನ್'ಗೆ ಎರಡನೇ ಭಾಗ ಬಂದದ್ದು 2022ರಲ್ಲಿ. 36 ವರ್ಷ ಕಥೆ ನೆನಪಿಟ್ಟುಕೊಂಡು ಕಾದವರಿದ್ದಾರೆ. ನನಗೆ ಮೂರೇ ವರ್ಷಕ್ಕೆ ನಾಯಕ ಪೊಲೀಸೋ ಕಳ್ಳನೋ ಎಂಬುದೇ ಮರೆತಿತ್ತು. ಮಗನಿಗೆ ಎಲ್ಲ ನೆನಪಿತ್ತು. ಅಮ್ಮ ಮೊದಲನೆಯದನ್ನು ನೋಡೇ ಇರಲಿಲ್ಲ. "ನೋಡದಿದ್ರೆ ಅರ್ಥ ಆಗಲ್ಲಮ್ಮ" ಅಂದೆ. "ಹೊಡೆದಾಟ ಅರ್ಥ ಮಾಡ್ಕೊಳ್ಳೋಕೆ ಏನಿದೆಯೋ" ಎನ್ನುತ್ತ ಸೋಫಾದ ಒಳ್ಳೆಯ ಮೂಲೆ ಹಿಡಿದರು. ಹೆಂಡತಿ ಮೊಬೈಲಿನೊಂದಿಗೆ ಕೂತಳು, ಅಂದರೆ ಅರ್ಧ ಕೂತಳು.

ಶುರುವಾಗುತ್ತಿದ್ದಂತೆ ಅಮ್ಮನ ಮೊದಲ ಆಕ್ಷೇಪ: "ಟಿವಿ ಯಾಕೆ ಮೇಲೂ ಕೆಳಗೂ ಕಪ್ಪಗಿದೆ? ಕೆಟ್ಟಿದೆಯಾ?" ಕೆಟ್ಟಿಲ್ಲ. ಇಂಥ ಸಿನಿಮಾಗಳ ಚಿತ್ರ ಎತ್ತರಕ್ಕಿಂತ 2.39 ಪಟ್ಟು ಅಗಲ. ಟಿವಿಯದು 16ಕ್ಕೆ 9ರ ಲೆಕ್ಕ. ಅಗಲ ಹಿಡಿಸಲು ಹೋದರೆ ಪರದೆಯ ಕಾಲು ಭಾಗ ಖಾಲಿ. ಇದನ್ನೆಲ್ಲ ವಿವರಿಸಿದೆ. "ಅಂದ್ರೆ ಕಾಲು ಟಿವಿ ದಂಡ" ಎಂದು ಅಮ್ಮ ಒಂದೇ ಸಾಲಿನಲ್ಲಿ ಮುಗಿಸಿದರು. ನಷ್ಟ ಸಹಿಸದ ನಾನು ರಿಮೋಟಿನಲ್ಲಿ ಜೂಮ್ ಒತ್ತಿದೆ. ಕಪ್ಪು ಹೋಯಿತು. ಜೊತೆಗೆ ಎಡತುದಿಯಲ್ಲಿ ನಿಂತಿದ್ದ ನಾಯಕನೂ ಬಲತುದಿಯಲ್ಲಿ ನಿಂತಿದ್ದ ಎದುರಾಳಿಯೂ ಹೋದರು. ನಡುವಿನ ಖಾಲಿ ಜಾಗಕ್ಕೆ ಎರಡೂ ಕಡೆಯಿಂದ ಗುಂಡು ಹಾರುತ್ತಿದ್ದವು. ಮರುಮಾತಾಡದೆ ಕಪ್ಪು ಪಟ್ಟಿಗಳನ್ನು ವಾಪಸು ತಂದೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಕಿರಿಕಿರಿ. ಕೋಟಿಗಟ್ಟಲೆ ಸುರಿದು ತೆಗೆದ ಕಾರಿನ ಚೇಸು ಯಾಕೋ ಧಾರಾವಾಹಿಯ ಹಾಗೆ ಕಾಣುತ್ತಿತ್ತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ತನ್ನ ಕೈಯಿಂದ ನಡುವೆ ಒಂದಷ್ಟು ಚಿತ್ರ ಸೇರಿಸಿ ನುಣ್ಣಗೆ ಮಾಡಿಕೊಡುತ್ತದೆ, ಯಾರೂ ಕೇಳದಿದ್ದರೂ. 2018ರ ಡಿಸೆಂಬರಿನಲ್ಲಿ 'ಟಾಪ್ ಗನ್'ನ ನಾಯಕನಟ ಟಾಮ್ ಕ್ರೂಸ್ ಒಂದು ವಿಡಿಯೊ ಮಾಡಿ, ದಯವಿಟ್ಟು ಟಿವಿಯಲ್ಲಿ ಇದನ್ನು ಆಫ್ ಮಾಡಿಕೊಳ್ಳಿ ಎಂದು ಜನರಲ್ಲಿ ಕೇಳಿಕೊಂಡಿದ್ದ. ವಿಮಾನಕ್ಕೆ ಜೋತುಬೀಳಲು ಹೆದರದ ಮನುಷ್ಯ ಹೆದರಿದ್ದು ಟಿವಿಯ ಸೆಟ್ಟಿಂಗ್ಸಿಗೆ. ನನ್ನ ಟಿವಿಯಲ್ಲಿ ಅದು ಮೆನುವಿನೊಳಗಿನ ಮೆನುವಿನೊಳಗೆ ಬೇರೇನೋ ಹೆಸರಿಟ್ಟುಕೊಂಡು ಅಡಗಿತ್ತು. ಸಿಗುವಷ್ಟರಲ್ಲಿ ಚೇಸು ಮುಗಿದು ಕಾರು ನಿಂತಿತ್ತು.

ಇವೆಲ್ಲ ಚಿಲ್ಲರೆ. ನಿಜವಾದ ಯುದ್ಧ ನಡೆದದ್ದು ನನಗೂ ವಾಲ್ಯೂಮಿಗೂ.

ಈ ನಾಯಕ ಮಾತಾಡುವುದೇ ಕಡಿಮೆ. ಆಡಿದರೂ ಹಲ್ಲುನೋವಿರುವವನ ಹಾಗೆ ಗೊಣಗುತ್ತಾನೆ. 18ರಲ್ಲಿ ಇಟ್ಟರೆ ತುಟಿ ಮಾತ್ರ ಅಲ್ಲಾಡುತ್ತದೆ. 26ಕ್ಕೆ ಗುಸುಗುಸು. 38ಕ್ಕೆ ಏರಿಸಿದಾಗ "ಅವರು ಬರ್ತಾರೆ" ಎಂಬ ಮಾತು ಕೇಳಿಸಿತು. ಬಂದರು. ಹೆಲಿಕಾಪ್ಟರಿನಲ್ಲಿ ಬಂದರು. ಕಿಟಕಿಯ ಗಾಜು ಗಡಗಡ ಎಂದಿತು, ಹೆಂಡತಿಯ ಕೈಯಿಂದ ಮೊಬೈಲು ಜಾರಿತು, ಪಕ್ಕದ ಮನೆಯಿಂದ ಯಾರೋ ಗೋಡೆ ಗುದ್ದಿದರು. ನಾನು ರಿಮೋಟಿಗೆ ಹಾರಿ 12ಕ್ಕೆ ಇಳಿಸಿದೆ. ಅಷ್ಟರಲ್ಲಿ ನಾಯಕ ಮತ್ತೆ ಗೊಣಗಲು ಶುರುಮಾಡಿದ್ದ.

ಇದರಲ್ಲಿ ನಾಯಕನ ತಪ್ಪು ಅರ್ಧ ಮಾತ್ರ. ಚಿತ್ರಮಂದಿರಕ್ಕೆಂದು ಸದ್ದು ಹೊಂದಿಸುವಾಗ 85 ಡೆಸಿಬೆಲ್ ಅನ್ನು ಅಳತೆಗಿಟ್ಟುಕೊಂಡು, ಸ್ಫೋಟ ಗಿಸ್ಫೋಟಕ್ಕೆಂದು ಅದರ ಮೇಲೆ ಇನ್ನೂ 20 ಡೆಸಿಬೆಲ್ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಮಾತಿಗೆಂದೇ ಪರದೆಯ ಹಿಂದೆ ನಟ್ಟನಡುವೆ ಒಂದು ಸ್ಪೀಕರ್. ಹೆಲಿಕಾಪ್ಟರ್ ಬೇಕಾದರೆ ಎಡದಿಂದ ಬಂದು ತಲೆಯ ಹಿಂದೆ ಸುತ್ತಿಕೊಂಡು ಹೋಗಲಿ, ಮಾತಿನ ದಾರಿ ಮಾತಿಗೆ. ನಮ್ಮನೆಯಲ್ಲಿರುವುದು ಎರಡೇ ಪುಟ್ಟ ಸ್ಪೀಕರು, ಅವೂ ನೆಲ ನೋಡಿಕೊಂಡು ಕೂತಿವೆ. ಅಷ್ಟೂ ಸದ್ದು ಆ ಎರಡು ಬಾಯಿಂದಲೇ ಬರಬೇಕೆಂದರೆ, ಹೆಲಿಕಾಪ್ಟರು ಮೊದಲು ಬರುತ್ತದೆ, ಮಾತು ಜಾಗ ಸಿಕ್ಕರೆ ಬರುತ್ತದೆ.

"ಅಪ್ಪಾ, ಸಬ್‌ಟೈಟಲ್ ಹಾಕ್ಲಾ?" ಅಂದ ಮಗ. ಹಾಕಿದ. ಅದು ಕಿವಿ ಕೇಳಿಸದವರಿಗಾಗಿ ಇರುವಂಥದ್ದು, ಸದ್ದುಗಳನ್ನೂ ಬರೆಯುತ್ತದೆ. ಅಜ್ಜಿಗೆ ಕನ್ನಡದಲ್ಲಿ ಒಪ್ಪಿಸುವ ಕೆಲಸವನ್ನು ಅವನೇ ವಹಿಸಿಕೊಂಡ.

"ಬಾಗಿಲು ಕಿರ್ ಅಂತಂತೆ ಅಜ್ಜಿ."

"ಎಣ್ಣೆ ಬಿಡ್ಬಾರ್ದಾ."

"ಉದ್ವೇಗದ ಸಂಗೀತವಂತೆ."

"ಹೂಂ, ಕೇಳ್ತಿದೆ."

ಕತ್ತಲೆ ಕೋಣೆ. ಬೆನ್ನು ತಿರುಗಿಸಿ ಕೂತ ಒಬ್ಬ ಮನುಷ್ಯ. ಯಾರೆಂದು ಗೊತ್ತಾಗಬಾರದೆಂದು ನಿರ್ದೇಶಕ ಪಾಪ ದೀಪವನ್ನೂ ಆರಿಸಿದ್ದ, ಮುಖವನ್ನೂ ಮುಚ್ಚಿದ್ದ. ಆ ಮನುಷ್ಯ "ಬಾ" ಎಂದ. ಸಬ್‌ಟೈಟಲಿನಲ್ಲಿ ಅವನ ಹೆಸರು, ಮುಂದೆ ಎರಡು ಚುಕ್ಕಿ, ಆಮೇಲೆ "ಬಾ". ಮಗ ಸೋಫಾದಿಂದ ಎದ್ದೇ ನಿಂತ. "ಅಪ್ಪಾ! ಸೇತುವೆಯವನು!"

"ಯಾರೋ ಅದು?" ಅಂದರು ಅಮ್ಮ.

"ಅವನು ಹಿಂದಿನ ಭಾಗದಲ್ಲೇ ಸತ್ತನಮ್ಮ" ಅಂದೆ. ನನಗೆ ಖಂಡಿತವಾಗಿ ಗೊತ್ತಿದ್ದ ಒಂದೇ ಸಂಗತಿ ಅದು.

"ಹಾಗಾದ್ರೆ ಈಗ ಮಾತಾಡಿದ್ದು ಯಾರು?"

ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ಒಂದು ಗಂಟೆ ಹತ್ತು ನಿಮಿಷ ನಾಯಕನಲ್ಲಿಯೂ ಇರಲಿಲ್ಲ. ಊರೂರು ಅಲೆದು, ಎರಡು ದೋಣಿ ಮುಳುಗಿಸಿ, ಕೊನೆಗೆ ಆ ಮುಖ ಕಂಡು ಅವನು ಬೆಚ್ಚಿಬಿದ್ದಾಗ ಅಮ್ಮ ಆಕಳಿಸುತ್ತಿದ್ದರು. "ಇವನಿಗೂ ಒಂದು ಟಿವಿ ಕೊಡಿಸಿದ್ರೆ ಆಗ್ತಿತ್ತು" ಅಂದರು.

ಆ ಹೊತ್ತಿಗೆ ಮೂರನೆಯ ಸೇತುವೆ ಬೀಳುತ್ತಿತ್ತು. ಹೆಂಡತಿ ಮೊಬೈಲಿನಿಂದ ತಲೆಯೆತ್ತದೆ, "ರೀ, ಹೋದ ಸಲ ಒಂದು ಅಂದಿದ್ರಿ?" ಅಂದಳು. ಅರ್ಧ ಕೂತಿದ್ದರೂ ಸಿನಿಮಾದ ರೋಗವನ್ನು ಪೂರ್ತಿ ಪತ್ತೆಹಚ್ಚಿದ್ದಳು. ಹೇಳಲು ಹೊಸದೇನೂ ಇಲ್ಲದಾಗ ಸೇತುವೆಗಳ ಸಂಖ್ಯೆ ಹೆಚ್ಚುತ್ತದೆ. ದುಡ್ಡು ಸುರಿಯುವುದೇ ತಪ್ಪು ಅಂತಲ್ಲ. 1984ರ 'ಟರ್ಮಿನೇಟರ್'ಗೆ ಸುಮಾರು 64 ಲಕ್ಷ ಡಾಲರ್ ಆಗಿದ್ದರೆ 1991ರ ಎರಡನೇ ಭಾಗಕ್ಕೆ 10 ಕೋಟಿಯ ಆಸುಪಾಸು ಖರ್ಚಾಯಿತು. ಆದರೆ ಅದು ನಿಂತದ್ದು ಖರ್ಚಿನ ಮೇಲಲ್ಲ. ಮೊದಲನೆಯದರಲ್ಲಿ ಕೊಲ್ಲಲು ಬಂದ ಮುಖವೇ ಎರಡನೆಯದರಲ್ಲಿ ಕಾಯಲು ಬರುತ್ತದೆ. ಮೊದಲನೆಯದನ್ನು ನೋಡಿದವನಿಗೆ ಆ ಮುಖ ಕಂಡರೇ ಅನುಮಾನ. ನಮ್ಮ ಸಿನಿಮಾದಲ್ಲಿ ಮೊದಲ ಭಾಗ ನೋಡಿದ್ದರಿಂದ ನನಗೆ ದಕ್ಕಿದ್ದು, ಸತ್ತವನ ಬಗ್ಗೆ ತಪ್ಪು ಮಾಹಿತಿ.

ಹಾಗಂತ ಸಹೋದ್ಯೋಗಿಗೆ ಬೇಡ ಅನ್ನಲೇ? ಅದೂ ಮನಸ್ಸು ಬರಲಿಲ್ಲ. ಎರಡೂ ಕಾಲು ಗಂಟೆಯ ಸಿನಿಮಾವನ್ನು ನಾವು ಮೂರೂ ಮುಕ್ಕಾಲು ಗಂಟೆ ನೋಡಿದೆವು. ಹದಿನಾಲ್ಕು ಸಲ ನಿಲ್ಲಿಸಿದೆವು, ಅದರಲ್ಲಿ ಆರು ಸಲ ಅದು ತಾನಾಗಿಯೇ ನಿಂತು ಗಿರಗಿರ ತಿರುಗಿತು. ಒಮ್ಮೆಯಂತೂ ನಾಯಕ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿದ್ದಾಗ. ಬೀಳ್ತಾನೋ ಇಲ್ಲವೋ ಎಂದು ನಾಲ್ವರೂ ಉಸಿರು ಬಿಗಿಹಿಡಿದದ್ದು ಇಡೀ ರಾತ್ರಿಯಲ್ಲಿ ಅದೊಂದೇ ಸಲ, ಆ ಕೀರ್ತಿ ಇಂಟರ್ನೆಟ್ಟಿನದು. ಚಿತ್ರಮಂದಿರದಲ್ಲಾಗಿದ್ದರೆ ಅವನು ಎರಡೇ ಸೆಕೆಂಡಿನಲ್ಲಿ ಆಚೆ ಇಳಿದು ಹೋಗಿಬಿಡುತ್ತಿದ್ದ.

ಕೊನೆಯಲ್ಲಿ ನಾಯಕ ಸಾಯುತ್ತಿರುವ ಖಳನಾಯಕನ ಕಿವಿಯಲ್ಲಿ ಏನೋ ಹೇಳಿದ. ಅಷ್ಟರಲ್ಲಿ ನಿದ್ದೆಗಣ್ಣಿನ ಮಗ ಸಬ್‌ಟೈಟಲ್ ಆರಿಸಿ ಮಲಗಲು ಹೋಗಿದ್ದ. ನಾನು ವಾಲ್ಯೂಮನ್ನು 41ಕ್ಕೆ ಏರಿಸಿದೆ. ಕೇಳಿಸಲಿಲ್ಲ. ಹೆಸರುಗಳು ಹತ್ತುತ್ತಿದ್ದಂತೆ, ಇವೆಲ್ಲ ಮುಗಿದ ಮೇಲೆ ಮೂರನೇ ಭಾಗದ ಸುಳಿವಿರುತ್ತದೆಂದು ಕಾದೆ. ಮೂಲೆಯಲ್ಲಿ 5, 4, 3 ಎಂದು ಎಣಿಸಿ ಟಿವಿ ಯಾವುದೋ ಅಡುಗೆ ಸ್ಪರ್ಧೆಯ ಕಡೆ ಹೊರಳಿತು. ಸಾಕಾಗಿ ಆಫ್ ಮಾಡಿ ಮಲಗಿದೆ.

ಬೆಳಿಗ್ಗೆ ಆರಕ್ಕೆ ಎದ್ದು, ಯಾರಿಗೂ ಎಚ್ಚರವಾಗದಿರಲೆಂದು ತುದಿಗಾಲಲ್ಲಿ ನಡೆದು, ವಾರ್ತೆ ನೋಡೋಣವೆಂದು ಟಿವಿ ಹಾಕಿದೆ. ವಾಲ್ಯೂಮ್ 41ರಲ್ಲೇ ಇತ್ತು. ವಾರ್ತೆ ಓದುವವನು ಮನೆಯೇ ನಡುಗುವಂತೆ "ನಮಸ್ಕಾರ" ಎಂದ. ನನ್ನ ಕೈಯಿಂದ ರಿಮೋಟು ಬಿದ್ದು, ಬ್ಯಾಟರಿಗಳು ಹೊರಬಿದ್ದು, ಒಂದು ಸೋಫಾದ ಕೆಳಗೆ ಉರುಳಿತು. ಹೊಟ್ಟೆಯ ಮೇಲೆ ತೆವಳಿಕೊಂಡು ಅದಕ್ಕೆ ಕೈಚಾಚುತ್ತಿದ್ದಾಗ ಒಳಕೋಣೆಯಿಂದ ಅಮ್ಮನ ದನಿ ಕೇಳಿತು:

"ಇನ್ನೂ ಸತ್ತಿಲ್ವೇನೋ ಅವನು?"