ಸತ್ಯಾಂಶ: ‘ಡಿಸಪಾಯಿಂಟ್’ ಪದದೊಳಗೆ ದೇವರ ನೇಮಕವಿಲ್ಲ

ಪರೀಕ್ಷಾ ಫಲಿತಾಂಶದ ದಿನಗಳಲ್ಲಿ ಕಲಬುರಗಿಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: ‘ಡಿಸಪಾಯಿಂಟ್‌ಮೆಂಟ್’ ಪದದ ಮೊದಲಕ್ಷರ ಡಿ ತೆಗೆದು ಎಚ್ ಇಟ್ಟರೆ ‘ಹಿಸ್ ಅಪಾಯಿಂಟ್‌ಮೆಂಟ್’, ಅಂದರೆ ದೇವರ ನೇಮಕ ಎಂದಾಗುತ್ತದೆ, ಆ ಪದ ಹುಟ್ಟಿದ್ದೇ ಹಾಗೆ ಎಂದು. ಅಕ್ಷರದಾಟ ಚೆನ್ನಾಗಿದೆ, ನೊಂದ ಮಗುವಿಗೆ ಸಮಾಧಾನವೂ ಆದೀತು. ಆದರೆ ಪದದ ಹುಟ್ಟು ಅದಲ್ಲ. 15ನೇ ಶತಮಾನದಲ್ಲಿ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ‘ಡಿಸಪಾಯಿಂಟ್’ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ, ನೇಮಕಗೊಂಡವರನ್ನು ಹುದ್ದೆಯಿಂದ ಇಳಿಸುವುದು. ಇಲ್ಲಿನ ‘ಡಿಸ್’ ಆಗಿದ್ದನ್ನು ರದ್ದುಮಾಡುವ ಪೂರ್ವಪ್ರತ್ಯಯವೇ ಹೊರತು ‘ಹಿಸ್’ ಎಂಬ ಸರ್ವನಾಮದ ಮಾರುವೇಷವಲ್ಲ. ನಿರೀಕ್ಷೆಯನ್ನು ಹುಸಿಗೊಳಿಸು ಎಂಬ ಇಂದಿನ ಅರ್ಥ ಆಮೇಲೆ ಬೆಳೆದದ್ದು.

ನಮ್ಮವರು ನಿಜವಾಗಿ ಎಡವುವುದು ಹುಟ್ಟಿನಲ್ಲಲ್ಲ, ಬಳಕೆಯಲ್ಲಿ. ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ತೊಗರಿ ತಂದ ರೈತ, ಕ್ವಿಂಟಲ್ ದರ ಕೇಳಿ ಮಾತಿಲ್ಲದೆ ಚೀಲದ ಮೇಲೆಯೇ ಕುಳಿತುಬಿಟ್ಟರೆ, ಆ ದರ ‘ಡಿಸಪಾಯಿಂಟಿಂಗ್’, ರೈತ ‘ಡಿಸಪಾಯಿಂಟೆಡ್’. ನನಗೆ ನಿರಾಸೆಯಾಗಿದೆ ಎನ್ನಲು ಹೋಗಿ ‘ಐ ಆ್ಯಮ್ ಡಿಸಪಾಯಿಂಟಿಂಗ್’ ಎಂದರೆ, ನನ್ನಿಂದಲೇ ಬೇರೆಯವರಿಗೆ ನಿರಾಸೆ ಎಂದು ಒಪ್ಪಿಕೊಂಡಂತಾಗುತ್ತದೆ. ಬರೆಯುವಾಗ ಎಸ್ ಒಂದೇ, ಪಿ ಎರಡು.